‘ಮಜಾ’ ಬಿಟ್ಟು ‘ಮೋಜು’ ಅನ್ನಬೇಕಾ?

ಪ್ರಶ್ನೆ: ‘ಮಜಾ’ ಹಿಂದಿ ಪದ, ಅಚ್ಚಗನ್ನಡದಲ್ಲಿ ‘ಮೋಜು’ ಅನ್ನಬೇಕು ಅಂತಾರೆ. ಹೌದಾ?

ಉತ್ತರ: ಮತ್ತೆ ಅದೇ ಪ್ರಶ್ನೆ! ಇರಲಿ, ಇನ್ನೊಂದು ಸಲ ಹೇಳುತ್ತೇನೆ.

‘ಮಜಾ’ ಹೊರಗಿನಿಂದ ಬಂದದ್ದು ನಿಜ. ಆದರೆ ಹಿಂದಿಯ ಸ್ವಂತ ಆಸ್ತಿಯೇನಲ್ಲ. ಮೂಲ ಪಾರಸಿ, ಅಲ್ಲಿ ಅದರ ಅರ್ಥ ರುಚಿ. ಆ ಹಳೇ ಅರ್ಥ ನಮ್ಮಲ್ಲಿ ಇನ್ನೂ ಇದೆ. ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಜೊತೆ ಬಿಸಿ ಮಿರ್ಚಿ ಇಲ್ಲದಿದ್ದರೆ ‘ಮಜಾ ಇಲ್ಲ ಬಿಡ್ರಿ’ ಅಂತಾರಲ್ಲ, ಅದು ನಾಲಿಗೆಯ ಮಾತೇ.

ಈಗ ಆ ‘ಅಚ್ಚಗನ್ನಡ’ದ ಮೋಜಿಗೆ ಬರೋಣ. ಅದೂ ಹೊರಗಿನದೇ ಮಾರಾಯ್ರೇ! ಅರಬಿಯಲ್ಲಿ ‘ಮೌಜ್’ ಅಂದರೆ ಅಲೆ. ಪಾರಸಿ, ಉರ್ದು, ಮರಾಠಿ ದಾಟಿ ಬರುವಷ್ಟರಲ್ಲಿ ನೀರಿನ ಅಲೆ ಹೋಗಿ ಮನಸ್ಸಿನ ಲಹರಿ ಉಳಿಯಿತು. ಇಲ್ಲಿಗೆ ಬಂದು ಕೊನೆಗೊಂದು ಉಕಾರ ಹಚ್ಚಿಕೊಂಡಿತು. ನಮ್ಮದೇ ಅನ್ನಿಸುವುದು ಆ ಉಕಾರದಿಂದ. ಮಜಾದ ದೀರ್ಘ ಹಾಗೇ ಉಳಿದದ್ದಕ್ಕೆ ಅದು ಸಿಕ್ಕಿಬಿತ್ತು, ಅಷ್ಟೇ. ಅದನ್ನೂ ‘ಮಜವಾಗಿದೆ’ ಅಂತ ನಾವು ಪಳಗಿಸಿಯಾಗಿದೆ. ಸರಿ, ‘ಖುಷಿ’ ಅನ್ನೋಣವೇ? ಅದೂ ಪಾರಸಿ. ತಕರಾರು ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಲು ಹೊರಟರೆ ‘ತಕರಾರು’, ‘ತಹಶೀಲ್ದಾರ’, ‘ಅರ್ಜಿ’ ಈ ಮೂರು ಪದಗಳೂ ಅದೇ ದಾರಿಯಲ್ಲಿ ಬಂದವು. ಬಿಜಾಪುರದಲ್ಲಿ ಆದಿಲ್‌ಶಾಹಿಗಳು 1490ರಿಂದ 1686ರವರೆಗೆ ಆಳಿದರು, ದರ್ಬಾರಿನಲ್ಲಿ ಪಾರಸಿ ನಡೆಯುತ್ತಿತ್ತು. ಮಾತು ಅರಮನೆಯೊಳಗೇ ಕೂತಿರುತ್ತದೆಯೇ?

ಅಚ್ಚಗನ್ನಡವೇ ಬೇಕೆಂದರೆ ನಲಿವು, ಹಿಗ್ಗು ಇವೆ. ಚೆಂದದ ಪದಗಳು. ಆದರೆ ‘ಟ್ರಿಪ್‌ನಲ್ಲಿ ನಲಿವು ಬಂತು’ ಅಂತ ಗೆಳೆಯರ ಮುಂದೆ ಒಮ್ಮೆ ಹೇಳಿ ನೋಡಿ.

ಗಮನ ಇಡಬೇಕಾದ್ದು ಪದದ ಊರಿನ ಮೇಲಲ್ಲ, ಅದರ ಜೊತೆ ಬರುವ ಕ್ರಿಯಾಪದದ ಮೇಲೆ. ಮಜಾ ಬಂದರೆ ಒಳ್ಳೆಯದು. ಮಜಾ ತಗೊಂಡರೆ ಯಾರನ್ನೋ ಗೋಳುಹೊಯ್ದುಕೊಂಡ ಹಾಗೆ. ಇನ್ನು ಮಜಾ ನೋಡುತ್ತಾ ನಿಂತವನಿದ್ದಾನಲ್ಲ, ನಿಮ್ಮ ಸ್ಕೂಟರ್ ಬಿದ್ದರೂ ಎತ್ತಲು ಬರುವುದಿಲ್ಲ.

ಯಾರೂ ಕೇಳದಿದ್ದರೂ ‘ಮಸ್ತ್’ ಬಗ್ಗೆಯೂ ಹೇಳಿಬಿಡುತ್ತೇನೆ. ಪಾರಸಿಯಲ್ಲಿ ಅದರ ಅರ್ಥ ಅಮಲೇರಿದವನು. ಆನೆಗೆ ‘ಮಸ್ತಿ ಬಂದಿದೆ’ ಅನ್ನುವುದೂ ಇದೇ ಪದದಿಂದ. ಆಗ ಗಂಡಾನೆಯ ಕಣ್ಣು, ಕಿವಿಗಳ ನಡುವೆ ರಸ ಒಸರುತ್ತದೆ, ಸಿಟ್ಟು ಜಾಸ್ತಿಯಾಗುತ್ತದೆ, ಮಾವುತನೂ ಹುಷಾರಾಗಿರುತ್ತಾನೆ. ಅಂದಹಾಗೆ, ಊರಾಚೆಯ ಮಾಸ್ತಿಕಲ್ಲಿಗೂ ಈ ಮಸ್ತಿಗೂ ಸಂಬಂಧವಿಲ್ಲ. ಅದು ಸತಿ ಹೋದವಳ ನೆನಪಿನ ಕಲ್ಲು, ಆ ‘ಮಾಸ್ತಿ’ ಮಹಾಸತಿಯಿಂದ ಬಂದದ್ದು.