ಖಾಯಂ ಅಂದರೆ ಏನು, ಎಲ್ಲಿಂದ ಬಂತು?

ಧಾರವಾಡದ ಚಹಾದಂಗಡಿ ಮುಂದೆ ಕಿವಿಗೊಟ್ಟರೆ ಈ ಮಾತು ದಿನಾ ಸಿಗುತ್ತದೆ.

"ತಮ್ಮಾ, ನೌಕರಿ ಖಾಯಂ ಆತೇನು?"

"ಎಲ್ಲೀದ್ರೀ ಕಾಕಾ, ಇನ್ನಾ ಹಂಗಾಮಿನ ಅದೀನಿ."

ಖಾಯಂ ಹುಟ್ಟಿದ್ದು ಅರಬ್ಬಿಯಲ್ಲಿ. ಅಲ್ಲಿ 'ಕಾಯಿಮ್' ಎಂದರೆ ನಿಂತದ್ದು, ಅಷ್ಟೇ. ಫಾರಸಿ, ಮರಾಠಿ ದಫ್ತರಗಳನ್ನು ಹಾದು ನಮಗೆ ಬಂತು. 1818ರ ನಂತರದ ಮುಂಬಯಿ ಸರ್ಕಾರವೂ ಅದನ್ನೇ ಇಟ್ಟುಕೊಂಡಿತು. ಮೂಲದಲ್ಲಿ ಮಹಾಪ್ರಾಣ ಇಲ್ಲ. ಆದರೂ 'ಕಾಯಂ' ಎಂದು ಬರೆದರೆ ನನಗೇಕೋ ನೌಕರಿ ಗಟ್ಟಿ ಅನಿಸುವುದಿಲ್ಲ.

ಅದೇ ಧಾತುವಿನ ಇನ್ನೊಂದು ಕೂಸು ಮುಕ್ಕಾಂ, ಅಂದರೆ ನಿಲ್ಲುವ ಜಾಗ. ನಮ್ಮ ಕಡೆಯ ಪತ್ರಗಳ ಮೇಲೆ ಊರ ಹೆಸರಿನ ಹಿಂದೆ 'ಮು. ಪೋ.' ಎಂದು ಬರೆಯುವುದು ಇದನ್ನೇ: ಮುಕ್ಕಾಂ, ಪೋಸ್ಟ್. ವಿಳಾಸದಲ್ಲಿ ಅದು ನೆಲೆ. ಬೀಗರು ಮನೆಗೆ ಬಂದು ಮುಕ್ಕಾಂ ಮಾಡಿದರೆ ಮಾತ್ರ ಎರಡು ದಿನಕ್ಕೆ ಹೊರಡಲಿ ಎಂಬ ಆಸೆ! ಇಂಗ್ಲಿಷಿನ 'ಪರ್ಮನೆಂಟ್' ಲ್ಯಾಟಿನ್ನಿನದು. ಕೊನೆತನಕ ಉಳಿ ಎಂಬರ್ಥ. ಸಂಸ್ಕೃತದ ಶಾಶ್ವತಕ್ಕೆ ಬೇರು 'ಶಶ್ವತ್': ಮತ್ತೆ ಮತ್ತೆ, ಎಡೆಬಿಡದೆ. ಹಂಗಾಮಿ ಫಾರಸಿಯ 'ಹಂಗಾಮ್', ಅಂದರೆ ಹೊತ್ತು, ಕಾಲ. ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು ಎನ್ನುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೀಕು ಬಂದಮೇಲೆ ಹಂಗಾಮು ಮುಗಿಯಿತು.

ಈ ಅರಬ್ಬಿ, ಫಾರಸಿ ಪದಗಳು ಬರುವ ಮೊದಲು ಗದಗ, ಹಾವೇರಿ ಸೀಮೆಯ ದಾನಶಾಸನಗಳು ಹೇಳುತ್ತಿದ್ದದ್ದು 'ಆಚಂದ್ರಾರ್ಕತಾರಂಬರಂ': ಚಂದ್ರ, ಸೂರ್ಯ, ನಕ್ಷತ್ರ ಇರುವತನಕ. ಓದು ಬಾರದವರಿಗೂ ತಿಳಿಯಲೆಂದು ಕಲ್ಲಿನ ನೆತ್ತಿಯ ಮೇಲೆ ಸೂರ್ಯಚಂದ್ರರನ್ನೇ ಕೆತ್ತಿಸಿದರು. ಅದೂ ಸಾಲದೆ ಕೆಳಗೆ ಶಾಪ: ದಾನ ಅಳಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ. ಬರೀ ಸೂರ್ಯನನ್ನು ನಂಬಿ ಹೊಲ ಕೊಡುವಷ್ಟು ಅವರೇನು ಮುಗ್ಧರಲ್ಲ.

ಆಮೇಲೆ ಖಾಯಂ ಕಲ್ಲಿನಿಂದ ಕೋರ್ಟಿಗೆ ಬಂತು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ದಿಲ್ಲಿತನಕ ಹೋಯಿತು. 1990ರಲ್ಲಿ ಸುಪ್ರೀಂ ಕೋರ್ಟು, ಹತ್ತು ವರ್ಷ ದುಡಿದವರಲ್ಲಿ 18,600 ಜನರನ್ನು ಕೂಡಲೇ ಖಾಯಂ ಮಾಡಿ ಎಂದಿತು. 2006ರಲ್ಲಿ ಉಮಾದೇವಿ ಪ್ರಕರಣ, ಅದೂ ಕರ್ನಾಟಕದ್ದೇ. ಸುಪ್ರೀಂ ಕೋರ್ಟಿನದೇ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅಡ್ಡಗೆರೆ ಎಳೆಯಿತು: ನಿಯಮದಂತೆ ನೇಮಕವಾಗದವರಿಗೆ, ಎಷ್ಟು ವರ್ಷ ದುಡಿದಿದ್ದರೂ, ಖಾಯಂ ಹಕ್ಕಲ್ಲ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಆಸರೆ ಇಲ್ಲದೆ ಹತ್ತು ವರ್ಷ ಕಳೆದ ಅರ್ಹರಿಗೆ ಮಾತ್ರ ಒಂದೇ ಸಲದ ವಿನಾಯಿತಿ.

ಈಗ ದಫ್ತರಗಳಲ್ಲಿ ಓಡಾಡುವ ಪದ 'ಹೊರಗುತ್ತಿಗೆ'. ಅರಬ್ಬಿಯಲ್ಲ, ಫಾರಸಿಯಲ್ಲ, ಅಚ್ಚ ಕನ್ನಡ.