ಪೋಸ್ಟ್-ಇಂಪ್ರೆಷನಿಸಂ: ಸೆಜಾನ್ ಬರೆದ ಹೆಂಡತಿಯ ಚಿತ್ರದಲ್ಲಿ

1910ರಲ್ಲಿ ಇಂಗ್ಲೆಂಡಿನ ಕಲಾವಿಮರ್ಶಕ ರೋಜರ್ ಫ್ರೈ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಏರ್ಪಡಿಸಿದ ಪ್ರದರ್ಶನದಿಂದ ‘ಪೋಸ್ಟ್-ಇಂಪ್ರೆಷನಿಸಂ’ ಎಂಬ ಹೆಸರು ಬಳಕೆಗೆ ಬಂತು. ಅದರಡಿ ಸೇರಿಸಲಾದ ಚಿತ್ರಕಾರರಾದ ಸೆಜಾನ್, ಗೋಗ್ಯಾಂ, ವ್ಯಾನ್ ಗೋ ಮೂವರೂ ಆ ಹೊತ್ತಿಗೆ ತೀರಿಕೊಂಡಿದ್ದರು. ಇದು ಒಂದೇ ಶೈಲಿಯ ಹೆಸರಲ್ಲ. ಕ್ಷಣಕ್ಷಣಕ್ಕೆ ಬದಲಾಗುವ ಬೆಳಕನ್ನು ಹಿಡಿಯಹೊರಟ ಇಂಪ್ರೆಷನಿಸ್ಟರಿಂದ ಬಣ್ಣವನ್ನು ಕಲಿತು, ಅಷ್ಟಕ್ಕೇ ತೃಪ್ತರಾಗದೆ ತಮ್ಮ ತಮ್ಮ ದಾರಿ ಹಿಡಿದವರನ್ನೆಲ್ಲ ಇದು ಒಳಗೊಳ್ಳುತ್ತದೆ. ಸೆಜಾನ್‌ಗೆ ಬೇಕಾಗಿದ್ದದ್ದು ಗಟ್ಟಿತನ.

ಆ ಗಟ್ಟಿತನವನ್ನು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿರುವ, ಸುಮಾರು 1877ರ ‘ಕೆಂಪು ತೋಳುಕುರ್ಚಿಯಲ್ಲಿ ಮದಾಂ ಸೆಜಾನ್’ ಚಿತ್ರದಲ್ಲಿ ಕಾಣಬಹುದು. ಪಟ್ಟೆಪಟ್ಟೆಯ ಲಂಗ ತೊಟ್ಟು, ಕೈಗಳನ್ನು ಮಡಿಲಲ್ಲಿ ಸೇರಿಸಿಕೊಂಡು ಮುಂದೆ ಸೆಜಾನ್‌ನ ಹೆಂಡತಿಯಾದ ಓರ್ತಾನ್ಸ್ ಫಿಕೆ ಕುಳಿತಿದ್ದಾಳೆ. ಅವಳ ಮುಖವನ್ನು ಹತ್ತಿರದಿಂದ ನೋಡಿದರೆ, ಉಬ್ಬುತಗ್ಗುಗಳನ್ನು ತೋರಿಸಲು ಕಪ್ಪು ನೆರಳು ಬಳಿಯುವ ಬದಲು, ಹಸಿರು, ಗುಲಾಬಿ, ಹಳದಿ ಛಾಯೆಯ ಸಣ್ಣ ಸಣ್ಣ ತೇಪೆಗಳನ್ನು ಒಂದರ ಪಕ್ಕ ಒಂದಿಟ್ಟು ಕೆನ್ನೆಯ ದುಂಡುತನವನ್ನು ಕಟ್ಟಿರುವುದು ಕಾಣುತ್ತದೆ. ಗೋಡೆಕಾಗದದ ನೀಲಿ ಗುರುತುಗಳು ಹಿಂದಕ್ಕೆ ಸರಿಯದೆ ಅವಳ ಸಮಕ್ಕೇ ನಿಲ್ಲುತ್ತವೆ. ಲಂಗ, ಕುರ್ಚಿ, ಗೋಡೆ, ಮುಖ ಎಲ್ಲಕ್ಕೂ ಕುಂಚದ ಗಮನ ಒಂದೇ ಸಮ.

ಈ ಚಿತ್ರ ಮೂಡಿದಾಗ ಅವರಿಗೆ ಕಾನೂನುಬದ್ಧ ಮದುವೆಯಾಗಿರಲಿಲ್ಲ. 1869ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಪರಿಚಯವಾಗಿ, 1872ರಲ್ಲಿ ಮಗ ಹುಟ್ಟಿದರೂ, ಬ್ಯಾಂಕರ್ ಆಗಿದ್ದ ತಂದೆ ಕೊಡುತ್ತಿದ್ದ ಹಣ ನಿಂತೀತೆಂಬ ಭಯದಿಂದ ಸೆಜಾನ್ ಈ ಸಂಸಾರವನ್ನು ಮುಚ್ಚಿಟ್ಟಿದ್ದ. ಮದುವೆ ನಡೆದದ್ದು 1886ರಲ್ಲಿ. ಇದನ್ನು ತಿಳಿದ ಹಲವರು ಅವಳ ಭಾವಶೂನ್ಯ ಮುಖದಲ್ಲಿ ದಾಂಪತ್ಯದ ಬಿರುಕನ್ನು ಓದಿದ್ದಾರೆ. ಈ ಓದು ನನಗೆ ಒಪ್ಪಿಗೆಯಾಗುವುದಿಲ್ಲ. ಸೆಜಾನ್ ಬಲು ನಿಧಾನಿ; ಚಿತ್ರವ್ಯಾಪಾರಿ ವೊಲಾರ್‌ನನ್ನು ನೂರಕ್ಕೂ ಹೆಚ್ಚು ಬಾರಿ ಕೂರಿಸಿ, ಸೇಬಿನಂತೆ ಅಲುಗಾಡದೆ ಕೂರಬೇಕೆಂದು ಗದರಿದ್ದನೆಂದು ಆ ವ್ಯಾಪಾರಿಯೇ ಬರೆದುಕೊಂಡಿದ್ದಾನೆ. ಅಷ್ಟು ಹೊತ್ತು ಯಾವ ಮುಗುಳ್ನಗೆಯೂ ಉಳಿಯದು. ಇಪ್ಪತ್ತಕ್ಕೂ ಹೆಚ್ಚು ತೈಲಚಿತ್ರಗಳಿಗೆ ಹೀಗೆ ಕೂತವಳ ತಾಳ್ಮೆಯನ್ನು ಬೇಸರವೆಂದು ಕರೆಯುವ ಮೊದಲು ಸೆಜಾನ್ ಬರೆದುಕೊಂಡ ಸ್ವಚಿತ್ರಗಳನ್ನೂ ಒಮ್ಮೆ ನೋಡಬೇಕು; ಅಲ್ಲಿಯೂ ನಗುವಿಲ್ಲ.