ಎರಡು 72, ಒಂದು 90: ಎಚ್‌ಐವಿ ಪಾಠದಲ್ಲಿ ಗೊಂದಲವಾಗುವ ಲೆಕ್ಕ

ಹರಡುವ ದಾರಿಗಳು ಎಲ್ಲರಿಗೂ ಬಾಯಿಪಾಠ: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಪಾಠ ಹೇಳುವ ನಾವು ಎಡವುವುದು ದಿನ ಮತ್ತು ಗಂಟೆಯ ಲೆಕ್ಕದಲ್ಲಿ.

ಎರಡು 72

ಅಸುರಕ್ಷಿತ ಸಂಪರ್ಕವಾದ ಮೇಲೆ ತುರ್ತು ಗರ್ಭನಿರೋಧಕ ಮಾತ್ರೆಗೂ 72 ಗಂಟೆ, ಎಚ್‌ಐವಿ ತಗುಲದಂತೆ ಕೊಡುವ ಪೆಪ್ ಔಷಧಿಗೂ 72 ಗಂಟೆ. ಸಂಖ್ಯೆ ಒಂದೇ, ಕೆಲಸ ಬೇರೆ. ಮೊದಲನೆಯದು ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಮಾತ್ರೆ. ಅಂಡಾಶಯದಿಂದ ಅಂಡ ಹೊರಬರುವುದನ್ನು ಮುಂದೂಡುತ್ತದೆ. ನುಂಗಿದ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು. ಯಾವ ಸೋಂಕನ್ನೂ ಅದು ತಡೆಯುವುದಿಲ್ಲ. ಪೆಪ್ ಎಂದರೆ ಎಚ್‌ಐವಿ ಔಷಧಿಗಳೇ, ಸಾಮಾನ್ಯವಾಗಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. 28 ದಿನ ತಪ್ಪದೆ. ಇದು ಗರ್ಭ ತಡೆಯುವುದಿಲ್ಲ.

72 ಎಂಬುದು ಕೊನೆಯ ಗಡಿ. ಪೆಪ್ ಮೊದಲ 2 ಗಂಟೆಯಲ್ಲೇ ಶುರುವಾದರೆ ಒಳ್ಳೆಯದು. ಶುಕ್ರವಾರ ರಾತ್ರಿ 10ಕ್ಕೆ ಕಾಂಡೋಮ್ ಹರಿಯಿತು ಎನ್ನಿ. ಗಡಿ ಸೋಮವಾರ ರಾತ್ರಿ 10. ಹೊಸನಗರದ ಒಳಗಿನ ಊರಿನವರು ಭಾನುವಾರ ಕಳೆಯಲಿ ಎಂದು ಕಾದು, ಸೋಮವಾರ ಬೆಳಗಿನ ಬಸ್ ಹತ್ತಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತಲುಪಿ, ಚೀಟಿ ಮಾಡಿಸುವಷ್ಟರಲ್ಲಿ 60 ಗಂಟೆ ದಾಟಿರುತ್ತದೆ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಉಳಿದ ಗಂಟೆಗಳೂ ಹೋದವು. ಹೊರರೋಗಿ ವಿಭಾಗಕ್ಕೆ ರಜೆ ಇದ್ದರೂ ತುರ್ತು ಚಿಕಿತ್ಸಾ ವಿಭಾಗ ತೆರೆದೇ ಇರುತ್ತದೆ, ಶನಿವಾರವೇ ಹೋಗಬೇಕು.

ವಿಂಡೋ ಪೀರಿಯಡ್

ವೈರಸ್ ಒಳಹೊಕ್ಕ ಕೂಡಲೇ ಪರೀಕ್ಷೆಗೆ ಸಿಗುವುದಿಲ್ಲ. ಬೆರಳು ಚುಚ್ಚಿ ಮಾಡುವ ರ್‍ಯಾಪಿಡ್ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಪರೀಕ್ಷೆಗೆ ಸಿಗುವಷ್ಟಾಗಲು 23ರಿಂದ 90 ದಿನ ಬೇಕು. ಆ ನಡುವಿನ ಅವಧಿಯೇ ವಿಂಡೋ. ರಿಪೋರ್ಟ್ 'ನೆಗೆಟಿವ್' ಎಂದರೂ ಸೋಂಕಿರಬಹುದು, ಮೇಲಾಗಿ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಇರುವುದರಿಂದ ಇನ್ನೊಬ್ಬರಿಗೆ ಹರಡುವ ಸಾಧ್ಯತೆಯೂ ಹೆಚ್ಚು. ಈ ಎರಡನೇ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಎಣಿಕೆ ಎಲ್ಲಿಂದ? ಪರೀಕ್ಷೆಯ ದಿನದಿಂದಲ್ಲ, ಮೊದಲ ಸಂಪರ್ಕದಿಂದಲೂ ಅಲ್ಲ. ಕೊನೆಯ ಅಸುರಕ್ಷಿತ ಸಂಪರ್ಕದಿಂದ. ಲೆಕ್ಕ ಹಾಕಿ ನೋಡಿ: ಜನವರಿ 5ಕ್ಕೆ ಸಂಪರ್ಕ, ಜನವರಿ 25ಕ್ಕೆ ಪರೀಕ್ಷೆ, ನೆಗೆಟಿವ್. ಆಗಿದ್ದು ಬರೀ 20 ದಿನ, ಇದನ್ನು ನಂಬುವಂತಿಲ್ಲ. 90 ತುಂಬುವುದು ಏಪ್ರಿಲ್ 5ಕ್ಕೆ (ಫೆಬ್ರವರಿಗೆ 28 ದಿನ ಹಿಡಿದು). ಆದರೆ ಫೆಬ್ರವರಿ 10ಕ್ಕೆ ಮತ್ತೊಮ್ಮೆ ಕಾಂಡೋಮ್ ಇಲ್ಲದೆ ಸಂಪರ್ಕವಾಗಿದ್ದರೆ? ಹಳೆಯ ಎಣಿಕೆ ಅಳಿಸಿಹೋಯಿತು. ಹೊಸ ದಿನ ಮೇ 11. ಏಪ್ರಿಲ್ 5ರ ನೆಗೆಟಿವ್ ಜನವರಿಯ ಸಂಪರ್ಕಕ್ಕಷ್ಟೇ ಉತ್ತರ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಪ್ರತಿಜನಕ (ವೈರಸ್ಸಿನದೇ ಅಂಶ), ಪ್ರತಿಕಾಯ ಎರಡನ್ನೂ ನೋಡುವ ಪರೀಕ್ಷೆಯಾದರೆ 18ರಿಂದ 45 ದಿನ ಸಾಕು. ಆದ್ದರಿಂದ ಯಾವ ಪರೀಕ್ಷೆ ಎಂದು ಕೇಳದೆ ದಿನ ಹೇಳಬೇಡಿ. ಪೆಪ್ ತೆಗೆದುಕೊಂಡವರಿಗೆ ತಪಾಸಣೆಯ ದಿನಾಂಕಗಳನ್ನು ಕೇಂದ್ರದವರೇ ಬರೆದುಕೊಡುತ್ತಾರೆ, ಅಲ್ಲಿ ನಮ್ಮ ಲೆಕ್ಕ ಬೇಡ.

ಕಾಂಡೋಮ್

ಬಳಸುವ ಹಂತಗಳು ಪಾಠದ ಚಾರ್ಟಿನಲ್ಲಿವೆ. ಚಾರ್ಟಿನಲ್ಲಿ ಇಲ್ಲದ್ದು ಎರಡು. ತೆಂಗಿನೆಣ್ಣೆ ಕಾಂಡೋಮಿನ ರಬ್ಬರನ್ನು (ಲೇಟೆಕ್ಸ್) ಕೆಲವೇ ನಿಮಿಷದಲ್ಲಿ ಸಡಿಲಗೊಳಿಸುತ್ತದೆ. ಜಾರುಕ ಬೇಕಿದ್ದರೆ ನೀರಿನ ಅಂಶದ್ದೇ ಆಗಬೇಕು. ಎರಡನೆಯದು, ಪರ್ಸಿನಲ್ಲೋ ಬೈಕಿನ ಸೀಟಿನಡಿಯೋ ತಿಂಗಳುಗಟ್ಟಲೆ ಇಟ್ಟದ್ದು ಬಿಸಿಗೂ ಉಜ್ಜಾಟಕ್ಕೂ ಹಾಳಾಗಿರುತ್ತದೆ.

ಪರೀಕ್ಷೆ ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಉಚಿತ. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯಂತೆ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶ ಗೋಪ್ಯ. ಹೋಗುವ ಮೊದಲು ಕೇಳಬೇಕೆನಿಸಿದರೆ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು, ಅದೂ ಉಚಿತ. ಹದಿನೆಂಟು ತುಂಬದವರ ಪ್ರಕರಣವಾದರೆ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಅನ್ವಯಿಸುತ್ತದೆ, ಪೊಲೀಸರಿಗೆ ತಿಳಿಸುವ ಹೊಣೆ ಆಸ್ಪತ್ರೆಗಿದೆ. ಅದಕ್ಕಾಗಿ ಚಿಕಿತ್ಸೆ ಕಾಯಿಸುವಂತಿಲ್ಲ.